ಮಾವಿನ ಬುಡಕ್ಕೆ ಕೊಡಲಿ ಹಾಕುವ ಮುನ್ನ

ನಮ್ಮ ಜಿಲ್ಲೆಯ ಪಡುವಣ ಭಾಗದಲ್ಲಿ, ಅಂದರೆ ಧಾರವಾಡ ಮತ್ತು ಕಲಘಟಗಿ ತಾಲೂಕುಗಳ ಮಸಾರಿ ಹೊಲಗಳಲ್ಲಿ, ಇತ್ತೀಚಿನ ವರ್ಷಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತಿದೆ. ಮೂವತ್ತು ನಲವತ್ತು ವರ್ಷ ಹಣ್ಣು ಕೊಟ್ಟ ಆಪೂಸ್ ಮರಗಳನ್ನು ಬುಡಸಹಿತ ಕೀಳಿಸಿ, ಆ ಜಾಗದಲ್ಲಿ ಕಬ್ಬು, ಅಡಿಕೆ ಇಲ್ಲವೇ ಗೋವಿನಜೋಳ ಹಾಕುವವರು ಇದ್ದಾರೆ. ಕೇಳಿದರೆ ಉತ್ತರ ಒಂದೇ: "ಮರ ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ, ಕಾಯಿ ನಿಂತ ವರ್ಷ ಪೇಟೆಯಲ್ಲಿ ದರ ನಿಲ್ಲುವುದಿಲ್ಲ." ಈ ದೂರಿನಲ್ಲಿ ಸುಳ್ಳಿಲ್ಲ. ಆದರೆ ದೂರು ನಿಜವಾದ ಮಾತ್ರಕ್ಕೆ ಕೊಡಲಿಯೇ ಮದ್ದು ಎನ್ನಲಾಗದು.

ಮರದ ಬೇರು, ಬೊಡ್ಡೆ ಗಟ್ಟಿಯಾಗಿರುವ ತೋಟದಲ್ಲಿ ಕೆಟ್ಟಿರುವುದು ಮರವಲ್ಲ, ನಾವು ಮಾಡಿದ ಆಯ್ಕೆ. ಇಡೀ ತೋಟದಲ್ಲಿ ಒಂದೇ ಜಾತಿಯನ್ನು ಹಚ್ಚಿ, ಅದೂ ಹವಾಮಾನಕ್ಕೆ ಬಹಳ ನಾಜೂಕಾದ ಜಾತಿಯನ್ನು ಹಚ್ಚಿ, ಆಕಾಶದ ಕಡೆಗೆ ನೋಡುತ್ತ ಕುಳಿತಿದ್ದೇವೆ. ಬಿಳಿಜೋಳದ ಹೊಲದಲ್ಲಿ ಕುಸುಬೆಯ ಅಕ್ಕಡಿ ಹಾಕದೆ ಕೂರಿಗೆ ಹೂಡದ ಒಕ್ಕಲಿಗ, ಮಾವಿನ ತೋಟಕ್ಕೆ ಬಂದಾಗ ಮಾತ್ರ ಅಕ್ಕಡಿಯನ್ನು ಮರೆತ. ಆ ಮರೆವನ್ನು ತಿದ್ದಲು ಮರವನ್ನು ಕಡಿದು ಬಿಸಾಡಬೇಕಾಗಿಲ್ಲ. ಕಸಿಯ ಮೂಲಕ ಅದೇ ಬೊಡ್ಡೆಯ ಮೇಲೆ ಬೇರೆ ಜಾತಿಯನ್ನು ಕೂಡಿಸಬಹುದು.

ಕಲ್ಮಿ ಎಂಬ ಹೆಸರು

ನಮ್ಮ ಕಡೆ ಆಪೂಸಿಗೆ ಇನ್ನೊಂದು ಹೆಸರು ಕಲ್ಮಿ ಮಾವು. ಕಲಮು ಎಂದರೆ ಕಸಿ. ಗೊರಟೆಯಿಂದ ಹುಟ್ಟಿದ್ದು ಜವಾರಿ, ಕಸಿಯಿಂದ ಬಂದದ್ದು ಕಲ್ಮಿ. ಪೋರ್ಚುಗೀಸರ ಕಾಲದಲ್ಲಿ ಗೋವಾದಲ್ಲಿ ಕಸಿಯ ಕೆಲಸ ಬೆಳೆದು, ಅಲ್ಲಿಯ ಆಯ್ದ ಮರವೊಂದಕ್ಕೆ ಅವರ ಅಧಿಕಾರಿ ಅಫೋನ್ಸೋ ಡಿ ಆಲ್ಬುಕರ್ಕ್‌ನ ಹೆಸರು ಬಂದು, ಅದು ಕೊಂಕಣದಲ್ಲಿ ಹಾಪೂಸ್, ನಮ್ಮಲ್ಲಿ ಆಪೂಸ್, ಬೆಂಗಳೂರಿನ ಪೇಟೆಯಲ್ಲಿ ಬಾದಾಮಿ ಆಯಿತು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ನಮ್ಮ ಹಣ್ಣಿನ ನೋಟವೂ ಮುಂಬಯಿ, ಪುಣೆ ಪೇಟೆಗಳ ಕಡೆಗೇ ಇತ್ತು. ಆ ಪೇಟೆಗೆ ಬೇಕಾದದ್ದು ಆಪೂಸ್. ಹೀಗೆ ಒಬ್ಬರನ್ನು ನೋಡಿ ಒಬ್ಬರು ಅದನ್ನೇ ಹಚ್ಚಿದರು.

ಈಗ ಆ ಪೇಟೆಯ ಸ್ವರೂಪ ಬದಲಾಗಿದೆ. 2018ರಲ್ಲಿ ಅಲ್ಫಾನ್ಸೋ ಹೆಸರಿಗೆ ಭೌಗೋಳಿಕ ಗುರುತು ದೊರೆಯಿತು. ಅದು ದೊರೆತದ್ದು ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ ಮತ್ತು ಪಾಲಘರ ಜಿಲ್ಲೆಗಳಿಗೆ. ನಮ್ಮ ಹಣ್ಣು ಪುಣೆಯ ಕಟ್ಟೆಯಲ್ಲಿ "ಕರ್ನಾಟಕ ಹಾಪೂಸ್" ಎಂದೇ ಬೇರೆ ದರಕ್ಕೆ ಮಾರಾಟವಾಗುತ್ತದೆ. ರುಚಿಯಲ್ಲಿ ಕಡಿಮೆಯಿಲ್ಲ ಎಂದು ನಾವು ವಾದಿಸಬಹುದು. ದರ ಮಾತ್ರ ವಾದವನ್ನು ಕೇಳುವುದಿಲ್ಲ. ಹೆಸರಿನ ಮೇಲೆ ಸಿಗುತ್ತಿದ್ದ ಲಾಭ ಕಡಿಮೆಯಾದ ಮೇಲೆ, ಆ ಹೆಸರಿಗಾಗಿ ಹೊತ್ತ ತೊಂದರೆಯನ್ನು ಲೆಕ್ಕ ಹಾಕಿ ನೋಡುವುದು ಜಾಣತನ.

ಹೂವಿಗೆ ಬೇಕಾದ ಚಳಿ

ಆಪೂಸಿನ ತೊಂದರೆ ಏನೆಂಬುದನ್ನು ಸರಿಯಾಗಿ ತಿಳಿಯದೆ ಮದ್ದು ಹುಡುಕುವಂತಿಲ್ಲ. ಮಾವಿನ ಕುಡಿ ಹೂವಾಗಬೇಕಾದರೆ ಮೂರು ಅನುಕೂಲಗಳು ಒಟ್ಟಿಗೆ ಕೂಡಿ ಬರಬೇಕು. ಮೊದಲನೆಯದು, ಮಳೆಗಾಲದಲ್ಲಿ ಬಂದ ಚಿಗುರು ಬಲಿತಿರಬೇಕು. ಎರಡನೆಯದು, ಚಿತ್ತಾ, ಸ್ವಾತಿ ಮಳೆಗಳು ಸರಿದ ಮೇಲೆ ನೆಲ ಒಣಗಿ ಮರ ಸ್ವಲ್ಪ ದಿನ ಬಾಯಾರಿ ನಿಲ್ಲಬೇಕು. ಮೂರನೆಯದು, ರಾತ್ರಿ ಚಳಿ ಬೀಳಬೇಕು. ರಾತ್ರಿಯ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿದು ಕೆಲವು ವಾರ ಹಾಗೆಯೇ ನಿಂತರೆ ಕುಡಿಯೊಳಗಿನ ಮೊಗ್ಗು ಎಲೆಯಾಗುವುದನ್ನು ಬಿಟ್ಟು ಹೂವಾಗುತ್ತದೆ.

ಈ ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ. 2021ರ ನವೆಂಬರಿನಲ್ಲಿ ರಾಜ್ಯದ ತುಂಬ ಸುರಿದ ಅಕಾಲಿಕ ಮಳೆಯನ್ನು ನೀವು ಮರೆತಿರಲಾರಿರಿ. ಅಂಥ ಮಳೆ ಬಿದ್ದಾಗ ನೆಲ ಒಣಗುವುದಿಲ್ಲ. ಮರ ಹೂವಿನ ಬದಲು ಮತ್ತೆ ಚಿಗುರುತ್ತದೆ. ಆ ಚಿಗುರು ಬಲಿಯುವ ಹೊತ್ತಿಗೆ ಚಳಿಗಾಲ ಮುಗಿದಿರುತ್ತದೆ. ಹೂ ಬಂದರೂ ತಡವಾಗಿ, ಎರಡು ಮೂರು ಕಂತಿನಲ್ಲಿ ಬರುತ್ತದೆ. ಆಗ ಮೋಡ, ಮಂಜು ಕವಿದರೆ ಜಿಗಿಹುಳು ಮತ್ತು ಬೂದಿರೋಗ ಕೂಡಿಯೇ ಬರುತ್ತವೆ. ತಡವಾಗಿ ಕಟ್ಟಿದ ಎಳೆಗಾಯಿ ಮಾರ್ಚಿನ ಬಿಸಿಲಿಗೆ ಸಿಕ್ಕಿ ಉದುರುತ್ತದೆ. 2023ರಲ್ಲಿ ಇದರ ಇನ್ನೊಂದು ತುದಿಯನ್ನು ಕಂಡೆವು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆಗಾಲದ ಚಿಗುರೇ ಸರಿಯಾಗಿ ಬಾರದ ಮರ ಮುಂದಿನ ಬೇಸಿಗೆಗೆ ಏನು ಹಣ್ಣು ಕೊಟ್ಟೀತು?

ಎಲ್ಲ ಮಾವಿನ ಜಾತಿಗಳಿಗೂ ಈ ಕಷ್ಟ ಉಂಟು. ಆದರೆ ಆಪೂಸಿಗೆ ಇನ್ನೆರಡು ಸ್ವಂತ ದೋಷಗಳು ಅಂಟಿಕೊಂಡಿವೆ. ಅದು ಹುಟ್ಟುಗುಣದಿಂದಲೇ ವರ್ಷ ಬಿಟ್ಟು ವರ್ಷ ಫಲ ಕೊಡುವ ಮರ. ಹೋದ ವರ್ಷ ಹೊತ್ತ ಕೊಂಬೆ ಈ ವರ್ಷ ವಿಶ್ರಾಂತಿ ಬೇಡುತ್ತದೆ. ವಿಶ್ರಾಂತಿ ಮುಗಿದು ಹೊರಬೇಕಾದ ವರ್ಷವೇ ಹವಾಮಾನ ಕೆಟ್ಟರೆ ಮೂರು ವರ್ಷ ಖಾಲಿ ಹೋದಂತೆ. ಇನ್ನೊಂದು ದೋಷ ಹಣ್ಣಿನ ಒಳಗಿನದು. ಹೊರಗೆ ಬಂಗಾರದ ಬಣ್ಣ, ಕೊಯ್ದು ನೋಡಿದರೆ ಗೊರಟೆಯ ಸುತ್ತ ಬಿಳುಪಾದ, ಹುಳಿಯಾದ, ಸ್ಪಂಜಿನಂಥ ತಿರುಳು. ಕೆಲವು ವರ್ಷ ಶೇ. 30ರಷ್ಟು ಹಣ್ಣು ಹೀಗೆ ಕೆಡುವುದುಂಟು. ಹಣ್ಣು ಗಿಡದಲ್ಲಿ ಇರುವಾಗಲೇ ಒಳಗಿನ ಬೀಜ ಮೊಳೆಯುವ ತಯಾರಿ ನಡೆಸಿ ತಿರುಳಿನ ಸತ್ವವನ್ನು ಎಳೆದುಕೊಳ್ಳುವುದೇ ಇದರ ಕಾರಣವೆಂದು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿವರಿಸಿದ್ದಾರೆ. ಪೂರ್ತಿ ಬಲಿಯುವ ತನಕ ಗಿಡದಲ್ಲೇ ಬಿಡದೆ ನೂರಕ್ಕೆ ಎಂಬತ್ತೈದು ಬಲಿತಾಗ ಕೀಳುವುದರಿಂದ, ಮರದಡಿ ಒಣಹುಲ್ಲು ಹೊದಿಸಿ ನೆಲದ ಕಾವು ತಗ್ಗಿಸುವುದರಿಂದ ಈ ದೋಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಕೋಲಾರದ ಪಾಠ

ಹಾಗಾದರೆ ಆಪೂಸು ಬಿಟ್ಟು ಇನ್ನೊಂದೇ ಜಾತಿಯನ್ನು ತೋಟದ ತುಂಬ ಹಚ್ಚಿದರೆ ಆಯಿತಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ 2025ರ ಬೇಸಿಗೆಯಲ್ಲಿ ಕೋಲಾರದ ಕಡೆ ಸಿಕ್ಕಿತು. ಅಲ್ಲಿಯ ತೋಟಗಳಲ್ಲಿ ತೋತಾಪುರಿಯೇ ಹೆಚ್ಚು. ಅದು ತಪ್ಪದೆ ಫಲ ಕೊಡುವ ಗಟ್ಟಿ ಜಾತಿ. ಆದರೆ ಅದರ ಬಹುಪಾಲು ಹೋಗುವುದು ರಸ ತೆಗೆಯುವ ಕಾರಖಾನೆಗಳಿಗೆ. ಆ ವರ್ಷ ಬೆಳೆ ಚೆನ್ನಾಗಿ ಬಂದು ದರ ಕುಸಿಯಿತು. ಅಷ್ಟರಲ್ಲಿ ಜೂನ್ 7ರಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಬರದಂತೆ ತಡೆಯಿತು. ಕೊನೆಗೆ ಕೇಂದ್ರ ಸರಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯ ಕೆಳಗೆ ಕರ್ನಾಟಕದ ಎರಡೂವರೆ ಲಕ್ಷ ಟನ್‌ವರೆಗಿನ ತೋತಾಪುರಿಗೆ ದರದ ಕೊರತೆ ತುಂಬಿಕೊಡಲು ಒಪ್ಪಬೇಕಾಯಿತು.

ಇದರಿಂದ ಕಲಿಯಬೇಕಾದ ಮಾತು ಇಷ್ಟೇ. ನಮ್ಮವರ ಆಪೂಸು ಹವಾಮಾನದಿಂದ ಸೋತಿತು. ಕೋಲಾರದವರ ತೋತಾಪುರಿ ಪೇಟೆಯಿಂದ ಸೋತಿತು. ಎರಡೂ ಕಡೆ ಸೋಲಿನ ಬೇರು ಒಂದೇ: ತೋಟದ ತುಂಬ ಒಂದೇ ಜಾತಿ, ಒಂದೇ ಕೊಯ್ಲು, ಒಂದೇ ಬಗೆಯ ಗಿರಾಕಿ. ಸರಕಾರದ ಪರಿಹಾರ ಬಂದರೂ ಅದು ಹಂಗಾಮು ಕೆಟ್ಟ ಮೇಲೆ ಬರುವಂಥದು. ತೋಟದೊಳಗಿನ ಅಕ್ಕಡಿ ಹಂಗಾಮಿಗೆ ಮುಂಚೆಯೇ ಇರುವಂಥದು.

ಯಾವ ಜಾತಿ, ಎಷ್ಟು

ಆಪೂಸನ್ನು ಪೂರ್ತಿ ಬಿಡಿರಿ ಎಂದು ಈ ಪುಟ ಹೇಳುವುದಿಲ್ಲ. ಫಲ ಬಂದ ವರ್ಷ ಅದರಷ್ಟು ಕೈತುಂಬ ಕೊಡುವ ಹಣ್ಣು ನಮ್ಮ ಜಿಲ್ಲೆಯಲ್ಲಿ ಬೇರೆಯಿಲ್ಲ. ತೋಟದ ಅರ್ಧವನ್ನು ಅದಕ್ಕೇ ಇಟ್ಟು, ಉಳಿದರ್ಧವನ್ನು ಈ ಮುಂದಿನವುಗಳಿಗೆ ಹಂಚಿರಿ.

ಕೇಸರ್: ಗುಜರಾತಿನ ಜುನಾಗಡದ ಜಾತಿ. ಆಪೂಸಿನ ಮೇಳದಲ್ಲೇ ಹಣ್ಣಾಗುತ್ತದೆ, ತಿರುಳು ಕೇಸರಿ ಬಣ್ಣ, ರಸಕ್ಕೂ ತಿನ್ನಲಿಕ್ಕೂ ಆಗುತ್ತದೆ. ಪೇಟೆಯಲ್ಲಿ ಹೆಸರಿರುವುದರಿಂದ ಮಾರಲು ಕಷ್ಟವಿಲ್ಲ.

ರತ್ನಾ: ನೀಲಂ ಮತ್ತು ಆಪೂಸ್ ಕೂಡಿಸಿ ಕೊಂಕಣದ ವೆಂಗುರ್ಲಾ ಕೇಂದ್ರದಲ್ಲಿ ತಯಾರಿಸಿ 1981ರಲ್ಲಿ ಹೊರತಂದ ಸಂಕರ ತಳಿ. ಹಣ್ಣು ಆಪೂಸಿಗಿಂತ ದೊಡ್ಡದು, ಸ್ಪಂಜು ತಿರುಳಿನ ದೋಷವಿಲ್ಲ, ಫಲವೂ ಹೆಚ್ಚು ನಿಯಮಿತ.

ಮಲ್ಲಿಕಾ: ನೀಲಂ ಮತ್ತು ದಶೇರಿಯ ಸಂಕರ, ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು, 1970ರ ದಶಕದ ಆರಂಭದಲ್ಲಿ ಬಂದದ್ದು. ದೊಡ್ಡ ಹಣ್ಣು, ತೆಳು ಗೊರಟೆ, ಆಪೂಸು ಮುಗಿದ ಮೇಲೆ ಬರುತ್ತದೆ. ಎಳೆಯದಾಗಿ ಕಿತ್ತರೆ ಹುಳಿ ಉಳಿಯುತ್ತದೆ. ಬಲಿತ ಮೇಲೆ ಕಿತ್ತು ಹುಲ್ಲಿನಲ್ಲಿ ತಾಳ್ಮೆಯಿಂದ ಮಾಗಿಸಬೇಕು. ತಡವಾಗಿ ಬರುವುದೇ ಇದರ ಲಾಭ, ಅದೇ ಅಪಾಯ ಕೂಡ. ಮಿರಗ ಬೇಗ ಹಿಡಿಯುವ ಕಲಘಟಗಿಯ ಮಲೆಸೆರಗಿನಲ್ಲಿ ಹಣ್ಣುನೊಣದ ಕಾಟ ಹೆಚ್ಚು; ಅಲ್ಲಿ ನಾಲ್ಕಾರು ಮರ ಸಾಕು. ಮಳೆ ಕಡಿಮೆಯಾಗುವ ಮೂಡಣ ಸೆರಗಿನ ಮಸಾರಿಯಲ್ಲಿ ಹೆಚ್ಚು ಹಚ್ಚಬಹುದು.

ಅರ್ಕಾ ಪುನೀತ್ ಮತ್ತು ಅರ್ಕಾ ಅನ್ಮೋಲ್: ಇವೆರಡೂ ಹೆಸರಘಟ್ಟದ ಸಂಸ್ಥೆಯ ತಳಿಗಳು. ಮೊದಲನೆಯದು ಆಪೂಸ್ ಮತ್ತು ಬಂಗನಪಲ್ಲಿಯ ಸಂಕರ, ಎರಡನೆಯದು ಆಪೂಸ್ ಮತ್ತು ಜನಾರ್ದನ ಪಸಂದಿನದು. ಎರಡೂ ವರ್ಷ ತಪ್ಪದೆ ಫಲ ಕೊಡುವಂಥವು, ಸ್ಪಂಜು ತಿರುಳಿಲ್ಲದವು. ಪೇಟೆಗೆ ಇವುಗಳ ಹೆಸರು ಅಷ್ಟಾಗಿ ಗೊತ್ತಿಲ್ಲವಾದ್ದರಿಂದ ಹುಬ್ಬಳ್ಳಿ ಧಾರವಾಡದಂಥ ಹತ್ತಿರದ ಊರಿನಲ್ಲಿ ನೇರವಾಗಿ ಮಾರುವವರಿಗೆ ಹೆಚ್ಚು ಒಪ್ಪುತ್ತವೆ.

ನೀಲಂ: ಸಣ್ಣ ಹಣ್ಣು, ತಡವಾಗಿ ಬರುತ್ತದೆ, ಗೊರಟೆಯಲ್ಲಿ ಹುಳು ಬೀಳುವುದುಂಟು. ಆದರೂ ಹೂ ತಪ್ಪದ ಮರ. ತೋಟದಲ್ಲಿ ನಾಲ್ಕು ಮರ ಇದ್ದರೆ ಸುತ್ತಲಿನ ಮರಗಳಿಗೆ ಪರಾಗ ಒದಗುತ್ತದೆ.

ಪರಾಗದ ಮಾತು ಸಣ್ಣದಲ್ಲ. ಒಂದೇ ಮರದ ಕುಡಿಯಿಂದ ಹುಟ್ಟಿದ ಸಾವಿರ ಕಸಿಗಿಡಗಳೂ ಗುಣದಲ್ಲಿ ಒಂದೇ ಮರವಿದ್ದಂತೆ. ಬೇರೆ ಜಾತಿಯ ಪರಾಗ ತಾಕಿದಾಗ ಕಾಯಿ ಕಟ್ಟುವುದು ಮೇಲಾಗುತ್ತದೆ. ಈ ಕಾರಣದಿಂದಲೇ ಆಪೂಸಿನ ತೋಟದಲ್ಲಿ ನೂರಕ್ಕೆ ಹತ್ತು ಮರವಾದರೂ ಕೇಸರ್, ರತ್ನಾದಂಥ ಬೇರೆ ಜಾತಿ ಇರಲೆಂದು ತೋಟಗಾರಿಕೆಯವರು ಹೇಳುತ್ತ ಬಂದಿದ್ದಾರೆ.

ಎರಡೆಕರೆ ತೋಟದ ಒಂದು ಲೆಕ್ಕ ನೋಡೋಣ. ಮೂವತ್ತಮೂರು ಅಡಿ ಅಂತರದ ಹಳೆಯ ಪದ್ಧತಿಯಲ್ಲಿ ಎಕರೆಗೆ 40ರಂತೆ 80 ಮರ. ವರ್ಷಕ್ಕೆ 8 ಮರದಂತೆ ಐದು ವರ್ಷದಲ್ಲಿ 40 ಮರಗಳ ತಲೆ ಬದಲಿಸಿರಿ: ಕೇಸರ್ 16, ರತ್ನಾ 12, ಮಲ್ಲಿಕಾ 8, ನೀಲಂ 4. ಮೊದಲ ವರ್ಷ ಕಳೆದುಕೊಳ್ಳುವುದು ಹತ್ತರಲ್ಲಿ ಒಂದು ಪಾಲು ಫಲ ಮಾತ್ರ. ನಾಲ್ಕನೆಯ ತಂಡಕ್ಕೆ ಗರಗಸ ಹಚ್ಚುವ ಹೊತ್ತಿಗೆ ಮೊದಲ ತಂಡ ಹಣ್ಣಿಗೆ ಬರತೊಡಗಿರುತ್ತದೆ. ಎಂಬತ್ತೂ ಮರ ಕಿತ್ತು ಹೊಸ ಕಸಿಗಿಡ ನೆಟ್ಟರೆ ಐದಾರು ವರ್ಷ ತೋಟದಿಂದ ಕೈಗೆ ಏನೂ ಹತ್ತದು.

ತಲೆ ಬದಲಿಸುವ ಕ್ರಮ

ಎಲ್ಲ ಮರವೂ ಇದಕ್ಕೆ ತಕ್ಕದ್ದಲ್ಲ. ಬೊಡ್ಡೆ ಟೊಳ್ಳಾದ, ಕಾಂಡಕೊರಕ ಒಳಹೊಕ್ಕ, ಬುಡದಲ್ಲಿ ನೀರು ನಿಂತು ಬೇರು ಕೊಳೆತ ಮರವನ್ನು ತೆಗೆಯುವುದೇ ಸರಿ. ಗಟ್ಟಿಯಾದ ಮರಕ್ಕೆ ಮಾತ್ರ ಈ ಉಪಚಾರ.

ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ, ಆ ವರ್ಷ ಹೂ ಬಿಡದೆ ಖಾಲಿ ನಿಂತ ಮರಗಳನ್ನೇ ಆರಿಸಿಕೊಳ್ಳಿರಿ. ಅವುಗಳ ದೊಡ್ಡ ಟೊಂಗೆಗಳನ್ನು ನೆಲದಿಂದ ಹತ್ತು ಹನ್ನೆರಡು ಅಡಿ ಎತ್ತರದಲ್ಲಿ ಗರಗಸದಿಂದ ಕತ್ತರಿಸಿರಿ. ಕೊಡಲಿಯಿಂದ ಕಡಿದರೆ ಟೊಂಗೆ ಸೀಳುತ್ತದೆ. ಒಂದು ಟೊಂಗೆಯನ್ನು ಎಲೆಸಹಿತ ಹಾಗೆಯೇ ಬಿಡಿರಿ. ಕಸಿ ಬೆಳೆಯುವ ತನಕ ಬೇರಿಗೆ ಅನ್ನ ಕಳಿಸುವುದು ಅದೇ. ಕತ್ತರಿಸಿದ ಬಾಯಿಗೆ ಬೋರ್ಡೋ ಮುಲಾಮು ಬಳಿಯಿರಿ. ಒಂದು ಭಾಗ ಮೈಲುತುತ್ತ, ಒಂದು ಭಾಗ ಸುಣ್ಣ, ಹತ್ತು ಭಾಗ ನೀರು ಅದರ ಅಳತೆ. ಬಿಸಿಲಿಗೆ ತೊಗಟೆ ಸುಡದಂತೆ ಬೊಡ್ಡೆಗೆ ಸುಣ್ಣ ಹಚ್ಚಿರಿ.

ಮುಂದೆ ಟೊಂಗೆಯ ಸುತ್ತ ಚಿಗುರು ಗುಂಪಾಗಿ ಏಳುತ್ತದೆ. ಹೊರಮುಖವಾಗಿರುವ, ಗಟ್ಟಿಯಾದ ನಾಲ್ಕಾರು ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ಚಿವುಟಿರಿ. ಆರಿದ್ರಾ ಮಳೆಯಿಂದ ಮಘಾ ಮಳೆಯ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಗಾಳಿಯಲ್ಲಿ ತೇವ ಇರುವಾಗ ಈ ಚಿಗುರಿನ ಮೇಲೆ ಮೃದುಕಾಂಡ ಕಸಿ ಮಾಡಬೇಕು.

ಕಸಿಕಡ್ಡಿಯ ಆಯ್ಕೆಯಲ್ಲೇ ಅರ್ಧ ಯಶಸ್ಸು. ಕಡಿಮೆಯೆಂದರೆ ಮೂರು ವರ್ಷದ ಫಲ ನೀವು ಕಣ್ಣಾರೆ ಕಂಡ, ಇಲ್ಲವೇ ನಂಬಿಕೆಯ ದಾಖಲೆ ಇರುವ ತಾಯಿಮರದಿಂದ ಕಡ್ಡಿ ತೆಗೆಯಿರಿ. ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ, ತುದಿಮೊಗ್ಗು ಉಬ್ಬಿದ ಕುಡಿ ಬೇಕು. ಕತ್ತರಿಸುವ ಎಂಟು ಹತ್ತು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿದರೆ ಮೊಗ್ಗಿಗೆ ಬಲ ಬರುತ್ತದೆ. ಹೂಗೊಂಚಲು ಮುದ್ದೆಯಾಗುವ ರೋಗವಿದ್ದ ಮರದ ಕಡ್ಡಿ ಬೇಡ. ದೂರದಿಂದ ತರುವುದಾದರೆ ಒದ್ದೆ ಗೋಣಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ತನ್ನಿರಿ. ಮೂರು ದಿನದೊಳಗೆ ಬಳಸಿರಿ.

ಮರದ ಮೇಲಿನ ಎಳೆ ಚಿಗುರನ್ನು ಅಡ್ಡಲಾಗಿ ಕತ್ತರಿಸಿ ನಡುವೆ ಒಂದೂವರೆ ಅಂಗುಲ ಸೀಳಿರಿ. ಕಸಿಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಕಡೆ ಬೆಣೆಯಂತೆ ಹೆರೆದು ಆ ಸೀಳಿನಲ್ಲಿ ಕೂಡಿಸಿರಿ. ಎರಡರ ದಪ್ಪ ಸಮವಿದ್ದರೆ ಒಳ್ಳೆಯದು. ಇಲ್ಲವಾದರೆ ಒಂದು ಬದಿಯಲ್ಲಾದರೂ ತೊಗಟೆಗೆ ತೊಗಟೆ ಸರಿಯಾಗಿ ಕೂಡಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ನೀರು ಇಳಿಯದಂತೆ ಬಿಗಿದು, ಮೇಲೆ ಸಣ್ಣ ಪ್ಲಾಸ್ಟಿಕ್ ಚೀಲದ ಟೊಪ್ಪಿಗೆ ಹಾಕಿರಿ. ಮೂರು ನಾಲ್ಕು ವಾರಕ್ಕೆ ಮೊಗ್ಗು ಒಡೆಯುತ್ತದೆ. ಆಗ ಟೊಪ್ಪಿಗೆ ತೆಗೆಯಿರಿ. ಎರಡು ಮೂರು ತಿಂಗಳಿಗೆ ಪಟ್ಟಿ ಬಿಚ್ಚಿರಿ, ಇಲ್ಲವಾದರೆ ಅದು ಕಾಂಡವನ್ನು ಕತ್ತು ಹಿಸುಕಿದಂತೆ ಹಿಸುಕುತ್ತದೆ. ಕಸಿಯ ಕೆಳಗೆ ಏಳುವ ಹಳೆ ಮರದ ಚಿಗುರನ್ನು ಕಂಡ ಕಂಡಾಗ ಚಿವುಟುತ್ತಿರಬೇಕು. ಇದೊಂದನ್ನು ಮರೆತರೆ ಎರಡು ವರ್ಷದಲ್ಲಿ ಮರ ಮತ್ತೆ ಆಪೂಸೇ ಆಗಿರುತ್ತದೆ. ಮೂರನೆಯ ವರ್ಷದ ಸುಮಾರಿಗೆ ಹೊಸ ಟೊಂಗೆ ಫಲ ತೋರಿಸುತ್ತದೆ.

ಹೊಸದಾಗಿ ಹಚ್ಚುವವರಿಗೆ

ನೀರಿನ ಅನುಕೂಲವಿಲ್ಲದ ಹೊಲದಲ್ಲಿ ಹೊಸ ತೋಟ ಮಾಡುವವರು ಜವಾರಿ ಮಾವಿನ ಗೊರಟೆಯನ್ನು ಹೊಲದ ಗುಂಡಿಯಲ್ಲೇ ಊರಿ, ಸಸಿ ಪೆನ್ಸಿಲ್ ದಪ್ಪವಾದ ಮೇಲೆ ಅಲ್ಲಿಯೇ ಕಸಿ ಮಾಡಬಹುದು. 1970ರ ದಶಕದಲ್ಲಿ ಗುಜರಾತಿನ ಆಣಂದದಲ್ಲಿ ಹದಗೊಳಿಸಿದ ಪದ್ಧತಿಯಿದು. ಚೀಲದಲ್ಲಿ ಸುರುಳಿ ಸುತ್ತಿದ ಬೇರಿನ ಗಿಡಕ್ಕಿಂತ ಹೊಲದಲ್ಲೇ ತಾಯಿಬೇರು ಇಳಿಸಿದ ಗಿಡ ಬರಕ್ಕೆ ಹೆಚ್ಚು ತಡೆಯುತ್ತದೆ. ಇಂಥ ಒಣಭೂಮಿ ತೋಟಗಾರಿಕೆಯನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ಕಲಘಟಗಿ ತಾಲೂಕಿನ ಸೂರಶೆಟ್ಟಿಕೊಪ್ಪದ ಸುತ್ತ ಬೈಫ್ ಸಂಸ್ಥೆ 1990ರ ದಶಕದ ಕೊನೆಯಿಂದ ಹೊಲಕ್ಕೊಂದು ಕೃಷಿಹೊಂಡ, ಬದುವಿಗೆ ಕಾಡುಮರ, ನಡುವೆ ಹಣ್ಣಿನ ಗಿಡ ಎಂಬ ಕ್ರಮವನ್ನು ರೈತರೊಡನೆ ಮಾಡಿ ತೋರಿಸಿದೆ.

ಕಸಿಗಿಡ ಕೊಳ್ಳುವವರು ಅಗ್ಗದ ಬೆಲೆಗೆ ಮರುಳಾಗಬಾರದು. ಮಾವಿನ ಗಿಡ ತಾನು ಯಾರೆಂದು ಹೇಳಲು ನಾಲ್ಕೈದು ವರ್ಷ ತೆಗೆದುಕೊಳ್ಳುತ್ತದೆ. ಕೇಸರ್ ಎಂದು ತಂದದ್ದು ಜವಾರಿಯಾಗಿ ಬಿಟ್ಟರೆ ಹೋದದ್ದು ಗಿಡದ ಬೆಲೆಯಷ್ಟೇ ಅಲ್ಲ, ಐದು ವರ್ಷದ ನೀರು, ಗೊಬ್ಬರ, ಕಾವಲು. ಸರಕಾರಿ ಅಥವಾ ವಿಶ್ವವಿದ್ಯಾಲಯದ ಸಸ್ಯಕ್ಷೇತ್ರ, ಇಲ್ಲವೇ ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ಮಾನ್ಯತೆ ಪಡೆದ ನರ್ಸರಿಯಿಂದಲೇ ತನ್ನಿರಿ. ಜಾತಿಯ ಹೆಸರು ಬರೆದ ರಸೀದಿ ಕೇಳಿರಿ. ತಾಯಿಮರ ತೋರಿಸಿರೆಂದು ಕೇಳಲು ಸಂಕೋಚ ಬೇಡ. ಕಸಿಯ ಗಂಟು ಚೆನ್ನಾಗಿ ಕೂಡಿದೆಯೇ, ಅದರ ಮೇಲೆ ಎರಡು ಸಲ ಚಿಗುರು ಬಂದಿದೆಯೇ ನೋಡಿರಿ. ನೆಡುವಾಗ ಆ ಗಂಟು ಮಣ್ಣಿನಿಂದ ಮೇಲಿರಲಿ.

ಎರೆಭೂಮಿಯವರ ಮಾತು

ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಹೆಚ್ಚಿನ ಭಾಗದ ಓದುಗರು "ನಮ್ಮದು ಎರೆ, ಮಾವು ನಮಗಲ್ಲ" ಎಂದು ಪುಟ ತಿರುವಬಾರದು. ಮಾವು ನಿಮಗಲ್ಲ ಎನ್ನುವುದು ನಿಜ. ಆಳವಾದ ಎರೆಯಲ್ಲಿ ನೀರು ನಿಂತು ಅದರ ಬೇರು ಉಸಿರಾಡಲಾರದು. ಮಲಪ್ರಭಾ ಕಾಲುವೆಯ ಸೆರಗಿನಲ್ಲಿ ಜವಳು, ಸವಳು ಬೇರೆ. ಆದರೆ ಕಸಿಯ ವಿದ್ಯೆ ಮಾವಿಗೆ ಮೀಸಲಲ್ಲ.

ನಿಮ್ಮ ಬದುವಿನ ಮೇಲೆ ತಾನಾಗಿ ಬೆಳೆದು ಮೈಗೆ ಮುಳ್ಳು ಗೀರುವ ಕಾಡುಬಾರಿ ಇದೆಯಲ್ಲ, ಅದೇ ಒಳ್ಳೆಯ ಬೇರುಸಸಿ. ಬೇಸಿಗೆಯಲ್ಲಿ ಅದನ್ನು ನೆಲಮಟ್ಟಕ್ಕೆ ಕತ್ತರಿಸಿ, ಮಿರಗದ ನಂತರ ಬಂದ ಚಿಗುರಿಗೆ ಉಮ್ರಾನ್, ಕಡಾಕಾ, ಮೆಹ್ರೂನ್ ಜಾತಿಗಳ ಕಣ್ಣು ಕೂಡಿಸಿದರೆ ಎರಡನೆಯ ವರ್ಷದಿಂದಲೇ ಹಣ್ಣು ತಿನ್ನಬಹುದು. ಬಾರಿಯ ಬೇರು ಆಳಕ್ಕೆ ಇಳಿಯುತ್ತದೆ. ಕಡು ಬೇಸಿಗೆಯಲ್ಲಿ ಎಲೆ ಉದುರಿಸಿ ತಾನೇ ಮಲಗುತ್ತದೆ. ಮಳೆಗೆ ಎದ್ದು ಚಳಿಗಾಲಕ್ಕೆ ಫಲ ಕೊಡುತ್ತದೆ. ಪ್ರತಿ ಬೇಸಿಗೆಯಲ್ಲಿ ಚೆನ್ನಾಗಿ ಸವರುವುದೊಂದನ್ನು ತಪ್ಪಿಸಬಾರದು.

ಹುಣಸೆಗೂ ಮೃದುಕಾಂಡ ಕಸಿ ಆಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆಯ್ಕೆಯಾದ ಡಿ.ಟಿ.ಎಸ್.-1 ಮತ್ತು ತಮಿಳುನಾಡಿನ ಪೆರಿಯಕುಳಂ ಕೇಂದ್ರದ ಪಿ.ಕೆ.ಎಂ.-1 ಕಸಿಗಿಡಗಳು ನಾಲ್ಕೈದು ವರ್ಷಕ್ಕೆ ಕಾಯಿ ತೋರಿಸುತ್ತವೆ. ಬೀಜದ ಹುಣಸೆಗೆ ಎಂಟು ಹತ್ತು ವರ್ಷವಾದರೂ ಬೇಕು. ನವಲಗುಂದದ ಪೇರಲ ಹೆಸರುವಾಸಿ. ಅಲ್ಲಿಯೂ ಬೀಜದ ಗಿಡ ಬಿಟ್ಟು, ಪುಣೆಯ ಗಣೇಶಖಿಂಡದಲ್ಲಿ 1927ರಲ್ಲಿ ಆಯ್ದು ಈಗ ಸರದಾರ್ ಎಂದು ಹೆಸರಾದ ಲಕ್ನೋ-49ರಂಥ ಜಾತಿಯನ್ನು ಗುಟಿ ಇಲ್ಲವೇ ಕಸಿಯಿಂದ ಬೆಳೆಸಿದರೆ ಹಣ್ಣೆಲ್ಲ ಒಂದೇ ಅಳತೆ, ಒಂದೇ ರುಚಿ ಬರುತ್ತದೆ. ಕಡಲೆ, ಹತ್ತಿ, ಮೆಣಸಿನಕಾಯಿ ಕೈಕೊಟ್ಟ ವರ್ಷ ಬದುವಿನ ನಾಲ್ಕು ಮರ ಮನೆಯ ಉಪ್ಪು ಎಣ್ಣೆಗಾದರೂ ಆಗುತ್ತವೆ.

ಗುತ್ತಿಗೆಯ ಕರಾರು ಮತ್ತು ಇಲಾಖೆಯ ಹೊಣೆ

ಕಸಿ ಎಷ್ಟೇ ಚೆನ್ನಾಗಿ ಮಾಡಿದರೂ ತೋಟದ ಯಜಮಾನಿಕೆ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಫಲವಿಲ್ಲ. ಹೂ ಕಂಡ ಕೂಡಲೆ ಇಲ್ಲವೇ ಎರಡು ಮೂರು ವರ್ಷಕ್ಕೆ ಒಮ್ಮೆಲೆ ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡುವ ರೂಢಿ ನಮ್ಮಲ್ಲಿದೆ. ಗುತ್ತಿಗೆ ಹಿಡಿದವನಿಗೆ ಬೇಕಾದದ್ದು ಆ ವರ್ಷದ ಹಣ್ಣು. ಮರದ ಆಯುಷ್ಯ ಅವನ ಲೆಕ್ಕದಲ್ಲಿಲ್ಲ. ಪ್ರತಿವರ್ಷ ಹೂ ಬರಿಸಲು ಬುಡಕ್ಕೆ ಹಾಕುವ ಕಲ್ಟಾರ್ ಔಷಧಿಗೆ ಒಂದು ಅಳತೆ ಇದೆ. ಮರದ ಹರವಿನ ಅಡ್ಡಳತೆಯ ಒಂದು ಮೀಟರಿಗೆ 3 ಮಿಲಿಲೀಟರಿನಂತೆ, ಮಳೆಗಾಲದ ನಡುವೆ, ಬಲವಾದ ಮರಕ್ಕೆ ಮಾತ್ರ, ಜೊತೆಗೆ ಗೊಬ್ಬರ ಕೊಟ್ಟು ಹಾಕಬೇಕು. ಅಳತೆ ಮೀರಿ ವರ್ಷವರ್ಷವೂ ಸುರಿದರೆ ಕುಡಿಗಳು ಗಿಡ್ಡಾಗಿ ಮುದುಡಿ, ಮರ ಹೊಸ ಚಿಗುರೇ ಬಿಡದಂತಾಗುತ್ತದೆ. ಅಂಥ ಮರದ ಕಡ್ಡಿ ಕಸಿಗೂ ಬಾರದು. ಆದಕಾರಣ ಔಷಧಿ ಹಾಕುವ ತೀರ್ಮಾನ ಯಜಮಾನನದೇ ಎಂಬ ಮಾತನ್ನು ಗುತ್ತಿಗೆಯ ಕರಾರಿನಲ್ಲಿ ಬರೆಸಿರಿ. ತಲೆ ಬದಲಿಸಿದ ಮರಗಳನ್ನು ಗುತ್ತಿಗೆಯಿಂದ ಹೊರಗಿಡಿರಿ.

ಇಲಾಖೆಯವರಿಗೂ ಒಂದು ಮಾತು ಹೇಳಬೇಕಾಗಿದೆ. ಹವಾಮಾನ ಆಧಾರಿತ ಬೆಳೆವಿಮೆ 2016ರಲ್ಲಿ ಹೊಸ ರೂಪ ಪಡೆದು, ತೋಟಗಾರಿಕೆ ಬೆಳೆಗಳಿಗೆ ರೈತನ ಕಂತು ಶೇ. 5ಕ್ಕೆ ಮೀರದಂತೆ ನಿಗದಿಯಾಯಿತು. ಅದು ಬೇಕಾದದ್ದೇ. ಆದರೆ ವಿಮೆ ಕೆಟ್ಟ ವರ್ಷದ ನಷ್ಟವನ್ನು ಅಷ್ಟಿಷ್ಟು ತುಂಬಬಲ್ಲುದೇ ಹೊರತು ಮುಂದಿನ ವರ್ಷದ ಮರವನ್ನು ಬದಲಿಸಲಾರದು. ಹೊಸ ಗಿಡ ನೆಡುವವನಿಗೆ ನೆರವು ಸಿಗುವಷ್ಟು ಸುಲಭವಾಗಿ ಹಳೆಯ ಮರದ ತಲೆ ಬದಲಿಸುವವನಿಗೂ ಸಿಗಬೇಕು. ಪ್ರತಿ ಹೋಬಳಿಯಲ್ಲಿ ನಾಲ್ಕು ಜನ ಯುವಕರಿಗೆ ಕಸಿಯ ಕೈಕೆಲಸ ಕಲಿಸಿದರೆ, ಮಳೆಗಾಲದ ಎರಡು ತಿಂಗಳು ಅವರಿಗೂ ದುಡಿಮೆ, ತೋಟದವರಿಗೂ ಅನುಕೂಲ. ಧಾರವಾಡದ ಕುಂಬಾಪುರ ಫಾರ್ಮಿನಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ನಮ್ಮದೇ ಮಣ್ಣು, ನಮ್ಮದೇ ಹವೆ. ಯಾವ ಜಾತಿಯ ತಾಯಿಮರ ಎಲ್ಲಿದೆ, ಎಷ್ಟು ವರ್ಷದಿಂದ ಹೇಗೆ ಫಲ ಕೊಟ್ಟಿದೆ ಎಂಬ ಪಟ್ಟಿಯನ್ನು ಹಳ್ಳಿಯ ಚಾವಡಿಗೆ ತಲುಪಿಸಿದರೆ ರೈತ ನರ್ಸರಿಯವನ ಬಾಯಿಮಾತಿಗೆ ಕಟ್ಟುಬೀಳಬೇಕಾಗಿಲ್ಲ.

ಕಬ್ಬು ಹಚ್ಚಬಾರದೆಂದು ಯಾರೂ ಹೇಳಲಾರರು. ನೀರು ಖಾತ್ರಿ ಇದ್ದವರಿಗೆ ಅದರ ಲೆಕ್ಕ ಬೇರೆ. ಆದರೆ ಕೊಳವೆಬಾವಿಯೊಂದನ್ನೇ ನಂಬಿ ಮಾವು ಕೀಳುವವರು ಬಾವಿ ಬತ್ತಿದ ಬೇಸಿಗೆಯನ್ನೂ ಒಮ್ಮೆ ನೆನೆಯಬೇಕು. ನಲವತ್ತು ವರ್ಷದ ಬೇರು ನೆಲದಾಳದಲ್ಲಿ ಹುಡುಕಿಕೊಂಡ ನೀರನ್ನು ಯಾವ ಪಂಪೂ ಹುಡುಕಿ ಕೊಡದು. ಆ ಬೇರನ್ನು ಕಳೆದುಕೊಳ್ಳದೆ ಮೇಲಿನ ತಲೆಯನ್ನು ಮಾತ್ರ ಬದಲಿಸುವ ದಾರಿ ತೆರೆದಿದೆ. ಈ ಸಲ ಎಂಟೇ ಮರಗಳ ಮೇಲೆ ಪ್ರಯೋಗ ಮಾಡಿರಿ. ಖಾಲಿ ನಿಂತ ಮರಗಳಿಗೆ ಸುಣ್ಣದ ಗುರುತು ಹಾಕಿ, ತಾಯಿಮರವನ್ನು ಈ ಹಂಗಾಮಿನಲ್ಲೇ, ಹಣ್ಣು ತಿಂದು ನೋಡಿ ಆರಿಸಿಡಿರಿ. ಆರಿದ್ರಾ ಮಳೆ ಬಂದಾಗ ಕೈಯಲ್ಲಿ ಕಸಿಕಡ್ಡಿ ಇರಲಿ.